ತಗ್ಗಿಸಿದ ಗಾಡಿ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಕಡ್ಡಿ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ನಿನ್ನ ಪತ್ರ ಬಂದು ಬಹಳ ದಿನವಾಯಿತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಒಂದು ಸಾಲು ಬರೆದು ಹೊಡೆದುಹಾಕುತ್ತಿದ್ದೆ. "ಕುರಿ ಮರಿಹಾಕೋ ಕಾಲಕ್ಕೆ ಬೆಟ್ಟದ ಮೇಲೆ ಬರ್ತೀಯೋ ಇಲ್ವೋ, ಒಂದೇ ಮಾತು ಬರಿ, ಇಲ್ಲಾಂದ್ರೆ ಬೇರೆ ಡಾಕ್ಟರನ್ನ ನೋಡ್ಕೋತೀನಿ" ಎಂದಿದ್ದೆಯಲ್ಲ. ಆ ಒಂದು ಮಾತು ಬರೆಯಲಾಗದವಳು ಈಗ ಇಷ್ಟುದ್ದ ಬರೆಯಲು ಹೊರಟಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇವರು ಈಗ ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾಗಿದ್ದಾರೆ. ಅತ್ತೆಗೆ ಕಿವಿ ಇನ್ನಷ್ಟು ಮಂದ, ಬೇಕಾದ್ದು ಮಾತ್ರ ಕೇಳಿಸುತ್ತದೆ. ನಾನು ಪೇಟೆಯ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸಾಕುನಾಯಿಗಳ ಹೊಟ್ಟೆ ಒತ್ತಿ ನೋಡುತ್ತೇನೆ. ಮೊನ್ನೆ ಒಬ್ಬಾಕೆ ಬಂದು, "ಡಾಕ್ಟ್ರೇ, ನಮ್ಮ ಬೆಕ್ಕಿಗೆ ಯಾಕೋ ಬೇಜಾರು, ಏನಾದ್ರೂ ಕೊಡಿ" ಎಂದಳು. ಅಂಥ ಮಾತ್ರೆ ಇದ್ದಿದ್ದರೆ ಬೆಕ್ಕಿನ ಪಾಲಿಗೆ ಉಳಿಯುತ್ತಿತ್ತೇ ಎಂದುಕೊಂಡೆ.

ಈಗ ಸುದ್ದಿಗೆ ಬರುತ್ತೇನೆ. ಈ ತಿಂಗಳ ಮೊದಲಲ್ಲಿ ನನ್ನ ಪಿಕಪ್ ಗಾಡಿಯ ಎತ್ತರ ತಗ್ಗಿಸಿದ್ದೇವೆ. ಹೌದು, ಅದೇ ಗಾಡಿ, ಅಪ್ಪ ಬಿಟ್ಟುಹೋದ, ಬೆಟ್ಟ ಹತ್ತುವ ಹಳೇ ಫೋರ್ ವೀಲ್ ಡ್ರೈವು. ನೀನೂ ನಾನೂ ಅದರ ಹಿಂಬದಿಯಲ್ಲಿ ಟಾರ್ಪಾಲು ಹಿಡಿದುಕೊಂಡು ಎಷ್ಟು ಕುರಿಗಳಿಗೆ ಹೆರಿಗೆ ಮಾಡಿಸಿದ್ದೇವೋ. ಹಳ್ಳದ ಬಂಡೆಗಳ ಮೇಲೆ ಹೊಟ್ಟೆ ತಾಗದ ಹಾಗೆ ನಿನ್ನ ದೊಡ್ಡಿಗಳವರೆಗೆ ಹತ್ತಿ ಬರುತ್ತಿದ್ದದ್ದು ಅದೊಂದೇ.

ತಗ್ಗಿಸುವ ಮಾತು ಮೊದಲು ಯಾರ ಬಾಯಿಂದ ಬಂತು ಎಂದು ಆಗಾಗ ಯೋಚಿಸುತ್ತೇನೆ. ನನ್ನ ಬಾಯಿಂದಲೇ ಇರಬೇಕು. ಇವರು ವ್ಯಾಯಾಮ ಮಾಡಿಸುವ ಚಿಕಿತ್ಸಾಲಯಕ್ಕೆ ಪಕ್ಕದ ಮನೆಯವರ ಕಾರಿನಲ್ಲಿ ಹೋಗಿಬರುತ್ತಿದ್ದರು. ಅವರ ಮುಂದೆ ಎಷ್ಟು ದಿನ ಹಲ್ಲುಗಿಂಜುವುದು? ನಮ್ಮ ಗಾಡಿಯ ಸೀಟು ನೋಡಿದರೆ ಇವರ ಎದೆಮಟ್ಟಕ್ಕಿತ್ತು. "ಒಂದು ಸ್ಟೂಲ್ ಇಡೋಣ್ವಾ?" ಎಂದೆ. "ನಡುಬೀದೀಲಿ ಸ್ಟೂಲ್ ಹಾಕ್ಕೊಂಡು ಹತ್ಲಾ? ಬಲ್ಬ್ ಬದಲಾಯಿಸೋಕೆ ಬಂದೋನು ಅಂದ್ಕೋತಾರೆ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ, "ನಿನ್ನ ಗಾಡಿ ಹಾಗೇ ಇರಲಿ ಬಿಡು. ನಾನು ಮನೇಲೇ ಇರ್ತೀನಿ. ನನಗೇನು, ಕಿಟಕಿ ಇದೆ" ಎಂದರು. ಕೋಪದಿಂದ ಹೇಳಿದ್ದರೆ ಜಗಳ ಆಡಬಹುದಿತ್ತು. ಎಷ್ಟು ಮೆತ್ತಗೆ ಹೇಳಿದರೆಂದರೆ ಮಾರನೆಯ ದಿನ ನಾನೇ ಗ್ಯಾರೇಜಿಗೆ ಹೋದೆ.

ಗ್ಯಾರೇಜಿನವನಿಗೆ ಊರೆಲ್ಲ ಸರ್ಜನ್ ಎನ್ನುತ್ತಾರೆ, ಅವನಿಗೂ ಆ ಹೆಸರು ಇಷ್ಟ. "ಮೇಡಮ್, ಜನ ನನ್ನ ಹತ್ರ ಗಾಡಿ ಎತ್ತರಿಸೋಕೆ ಬರ್ತಾರೆ. ಫೋರ್ ವೀಲ್ ತಗ್ಗಿಸಿ ಅಂತ ಬಂದೋರು ನೀವೇ ಮೊದಲು. ಕುದುರೆ ತಂದು ಮೇಕೆ ಮಾಡಿಕೊಡಿ ಅಂದ ಹಾಗಾಯ್ತು" ಎಂದ. ಆದರೂ ಕೆಲಸ ಹಿಡಿದ. ಹಿಂದಿನ ಸ್ಪ್ರಿಂಗಿನ ಕಟ್ಟಿನಿಂದ ಪ್ಲೇಟುಗಳನ್ನು ಕಳಚಿದ, ಮುಂದೆ ಭಾರ ಹೊರುವ ಸರಳುಗಳ ಬೋಲ್ಟು ಸಡಿಲಿಸಿದ, ನಾಲ್ಕೂ ಚಕ್ರ ಬದಲಾಯಿಸಿ ಚಿಕ್ಕವನ್ನು ಹಾಕಿದ. ಒಂದೊಂದು ಬೋಲ್ಟು ತಿರುಗಿಸಿದಾಗಲೂ ಗಾಡಿ ಒಂದಿಷ್ಟು ಕುಸಿಯುತ್ತಿತ್ತು. ಅರಿವಳಿಕೆ ಕೊಟ್ಟ ಪ್ರಾಣಿ ಮೊದಲು ಮುಂಗಾಲು ಮಡಚುತ್ತದಲ್ಲ, ಹಾಗೆ. ನಾನು ಬೆಂಚಿನ ಮೇಲೆ ಕೂತು ಹಳೇ ಪತ್ರಿಕೆ ಓದುವವಳ ಹಾಗೆ ನಟಿಸಿದೆ.

ಮನೆಗೆ ತಂದಾಗ ಅತ್ತೆ ಹೊರಗೆ ಬಂದು ಒಂದು ಸುತ್ತು ಹಾಕಿ, "ಇದ್ಯಾಕೆ ಮೊಟ್ಟೆ ಇಡೋಕೆ ಕೂತ ಹಾಗೆ ಕೂತಿದೆ?" ಎಂದರು. ಇವರು ಬಾಗಿಲು ತೆಗೆದು, ಕೋಲು ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂರುವಷ್ಟು ಸಲೀಸಾಗಿ ಕೂತರು. ಮುಖ ಅರಳಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೂ ಸಂತೋಷವಾಯಿತು. ಅತ್ತೆಯೂ ಸೀರೆ ಒಟ್ಟುಮಾಡಿಕೊಂಡು ಹಿಂದಿನ ಸೀಟಿಗೆ ಹತ್ತಿದರು, "ಒಂದು ಸುತ್ತು ಹೋಗಿಬರೋಣ" ಎಂದು.

ನಮ್ಮ ಗೇಟಿನ ಬಾಯಲ್ಲಿ ಸಿಮೆಂಟಿನ ಒಂದು ಉಬ್ಬು ಇದೆ, ರಸ್ತೆಯ ನೀರು ಒಳಗೆ ನುಗ್ಗದಿರಲೆಂದು ಮಾವನವರು ಕಟ್ಟಿಸಿದ್ದು. ಗ್ಯಾರೇಜಿನಿಂದ ಒಬ್ಬಳೇ ಬರುವಾಗ ಅದರ ಮೇಲೆ ದಾಟಿಕೊಂಡೇ ಬಂದಿದ್ದೆ. ಈಗ ಮೂವರ ಭಾರಕ್ಕೆ ಸ್ಪ್ರಿಂಗು ಮತ್ತಷ್ಟು ಇಳಿದಿತ್ತು. ಮುಂದಿನ ಚಕ್ರ ದಾಟಿತೋ ಇಲ್ಲವೋ, ಕೆಳಗಿನಿಂದ ಕರ್ರನೆ ಸದ್ದು ಬಂತು, ಗಾಡಿ ಉಬ್ಬಿನ ಮೇಲೆ ಹೊಟ್ಟೆ ಇಟ್ಟು ಮಲಗಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಅತ್ತೆ, "ಬಂತಾ?" ಎಂದು ಕೇಳಿದರು. ಸರ್ಜನ್ ಖಾಲಿ ಗಾಡಿಯನ್ನು ನಿಲ್ಲಿಸಿ ಅಳತೆ ಹಿಡಿದಿದ್ದ. ಒಳಗೆ ಜನ ಕೂರುತ್ತಾರೆ ಎನ್ನುವುದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆಗೆ ಮುಂಚೆ ಭೌತಶಾಸ್ತ್ರವನ್ನು ನಾನೇ ನಿನಗೆ ಹೇಳಿಕೊಡುತ್ತಿದ್ದದ್ದು ನೆನಪಿದೆಯೇ?

ಹೇಳಿಕಳಿಸಿದ್ದಕ್ಕೆ ಸರ್ಜನ್ ಓಡಿಬಂದ, ಜಾಕ್ ಹಾಕಿ ಎತ್ತಿ ಹಿಂದಕ್ಕೆ ತಳ್ಳಿದ. ನಾಚಿಕೆಯಾಗಿತ್ತು ಪಾಪ. "ಮೇಡಮ್, ಇದು ಸರಿಹೋಗಲ್ಲ. ಕಳಚಿದ ಪ್ಲೇಟು, ಹಳೇ ಚಕ್ರ ಎಲ್ಲ ಗ್ಯಾರೇಜಲ್ಲೇ ಇವೆ. ಹೂಂ ಅನ್ನಿ, ಸಂಜೆಯೊಳಗೆ ಮೊದಲಿದ್ದ ಹಾಗೇ ಮಾಡಿಕೊಡ್ತೀನಿ" ಎಂದ.

ಎಲ್ಲರೂ ನನ್ನ ಮುಖ ನೋಡಿದರು. ಇವರು, "ನೀನು ಹೇಗಂತೀಯೋ ಹಾಗೆ" ಎಂದರು. ಕಿವಿ ಕೇಳದ ಅತ್ತೆ, "ಅದಕ್ಕೇನು, ಗೇಟಿನ ಉಬ್ಬು ಒಡೆಸಿದ್ರಾಯ್ತು" ಎಂದರು.

ಹೂಂ ಎನ್ನಲು ಎಷ್ಟು ಹೊತ್ತು ಬೇಕು ಹೇಳು? ಬಾಯಿವರೆಗೂ ಬಂದಿತ್ತು. ಇವರು ಇನ್ನೂ ಸೀಟಿನಲ್ಲೇ ಕೂತಿದ್ದರು, ಒಂದು ಕೈಯಿಂದ ಡ್ಯಾಶ್‌ಬೋರ್ಡನ್ನು ಸವರುತ್ತಿದ್ದರು, ಬಟ್ಟೆಯಿಂದ ಒರೆಸುವವರ ಹಾಗೆ. "ಉಬ್ಬು ಒಡೆಸೋಣ" ಎಂದೆ. ಮಾರನೆಯ ದಿನ ಗಾರೆಯವನು ಬಂದು ಒಡೆದು ಹೋದ. ಈಗ ಗಾಡಿ ಸರಾಗವಾಗಿ ಹೋಗಿಬರುತ್ತದೆ: ಮನೆ, ಅಂಗಡಿ, ಚಿಕಿತ್ಸಾಲಯ, ಮನೆ. ಇನ್ನೊಂದು ಗಾಡಿ ಕೊಳ್ಳಬಹುದಲ್ಲ ಎಂದು ನೀನು ಕೇಳುತ್ತೀಯ. ಮನೆಯಲ್ಲಿ ಒಂದಿರುವಾಗ ಇನ್ನೊಂದು ಯಾಕೆ ಎಂದು ಇವರೂ ಕೇಳುತ್ತಾರೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಯಾರೂ ನನ್ನನ್ನು ಕಟ್ಟಿಹಾಕಿಲ್ಲ ಕಡ್ಡಿ. ಒಂದೊಂದು ಬೋಲ್ಟಿಗೂ ನಾನೇ ತಲೆಯಾಡಿಸಿದ್ದೇನೆ. ಬಿಡಿಸಿಕೊಳ್ಳೋಣವೆಂದರೆ ಗಂಟು ಎಲ್ಲಿದೆ ಎಂದೇ ಸಿಗುವುದಿಲ್ಲ.

ಹಾಗಾಗಿ ಈ ಸಲ ನಾನು ಬರುವುದಿಲ್ಲ. ಬೇರೆ ಡಾಕ್ಟರನ್ನು ನೋಡಿಕೋ, ಕೈ ಸಣ್ಣದಿರುವವರನ್ನು ನೋಡು. ಅವಳಿ ಮರಿ ಅಡ್ಡ ಸಿಕ್ಕಿಕೊಂಡಾಗ ಉಳಿಸುವುದು ಸಣ್ಣ ಕೈಯೇ. ನೀನೂ ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ನಿನಗೂ ನಿನ್ನ ಮಂದೆಗೂ ಒಳ್ಳೆಯದಾಗಲಿ, ಈ ವರ್ಷ ಒಂದು ಮರಿಯೂ ಕೈಬಿಡದಿರಲಿ.

ನಿನ್ನ,
ಡುಮ್ಮಿ

ಮರೆತಿದ್ದು: ಮೊನ್ನೆ ಚಿಕಿತ್ಸಾಲಯದಲ್ಲಿ ಮೊದಲ ಸಲ ಒಳಗೆ ಹೋದೆ. ವ್ಯಾಯಾಮ ಮಾಡಿಸುವ ಹುಡುಗಿ ಬಾಗಿಲಲ್ಲೇ ಸಿಕ್ಕಿ, "ನಿಮ್ಮೋರು ತುಂಬಾ ಗಟ್ಟಿಗರು ಕಣ್ರೀ. ಹೋದ ತಿಂಗಳಿಂದಲೂ ಆ ಎತ್ತರದ ಮಂಚ ಹತ್ತೋಕೆ ಯಾರ ಕೈಯೂ ಹಿಡಿಯಲ್ಲ" ಎಂದಳು. ಆ ಮಂಚ ನನ್ನ ಎದೆಮಟ್ಟಕ್ಕಿದೆ. ಪರದೆ ಸರಿದಿತ್ತು. ಇವರು ಅದರ ಮೇಲಿಂದ ಇಳಿಯುತ್ತಿದ್ದರು, ಒಂದು ಕಾಲು, ಆಮೇಲೆ ಇನ್ನೊಂದು, ಚೆನ್ನಾಗಿ ಅಭ್ಯಾಸವಾದವರ ಹಾಗೆ. ತಲೆ ಎತ್ತಿ ನನ್ನನ್ನು ಕಂಡರು. "ಹೋಗೋಣ್ವಾ?" ಎಂದರು. ಗಾಡಿಯ ಹತ್ತಿರ ಬಂದಾಗ ದಿನದ ಹಾಗೇ ನನ್ನ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟರು. ನಾನೂ ದಿನದ ಹಾಗೇ ಹಿಡಿದುಕೊಂಡೆ. ಕೂತ ಮೇಲೆ ಬೆಲ್ಟಿನ ಕೊಂಡಿಯನ್ನು ಎರಡು ಸಲ ತಪ್ಪಿಸಿದರು, ಅದು ನಾಟಕವಲ್ಲ.

ಇದನ್ನು ಅಂಗಡಿಯಿಂದಲೇ ಹಾಲಿನ ವ್ಯಾನಿನವನ ಕೈಗೆ ಕೊಡುತ್ತಿದ್ದೇನೆ. ನಿನ್ನ ಉತ್ತರವನ್ನು ಅವನು ಮನೆಗೇ ತಂದುಕೊಡುತ್ತಾನೆ, ಇವರು ಎಂದಿನಂತೆ ಕನ್ನಡಕ ಹಾಕಿಕೊಂಡು ನನಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕುರಿಗಳ ವಿಷಯ ಬರಿ. ನಾನು ಬರಲಿಲ್ಲವೆಂದು ನಾಲ್ಕು ಮಾತು ಬೈದೂ ಬರಿ, ಇಲ್ಲದಿದ್ದರೆ ಮಂಚದ ಸುದ್ದಿ ನಿನಗೆ ಗೊತ್ತೆಂದು ಇವರಿಗೆ ಗೊತ್ತಾಗುತ್ತದೆ.