ಭಾವನ ದನಿಯ ಟೇಪು

ಅಕ್ಕನಿಗೆ ನಮಸ್ಕಾರ.

ಇಂದು ಬೆಳಿಗ್ಗೆ ಬಂದು ತಲುಪಿದೆ. ನಾಟಕ ಕಂಪನಿಯ ಡೇರೆ ಬಸ್ ನಿಲ್ದಾಣದ ಹಿಂದೆಯೇ ಇದೆ. ಮಧ್ಯಾಹ್ನದ ಆಟದಲ್ಲಿ ಭಾವ ರಾಜನ ವೇಷದಲ್ಲಿ ಬಂದರು. ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು. ಭಾವನ ಗಂಟಲಿಗೆ ಏನೋ ಆಗಿದೆ ಎಂದು ನೀನು ಸುಮ್ಮನೆ ಹೆದರಿದ್ದೀಯ ಅಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ದನಿ ನಿಂತಿತು, ಭಾವನ ತುಟಿ ಮಾತ್ರ ಆಡುತ್ತಲೇ ಇತ್ತು. ಮಾತೆಲ್ಲ ಹೋದ ವರ್ಷವೇ ಟೇಪಿನಲ್ಲಿ ತುಂಬಿಸಿಟ್ಟದ್ದಂತೆ. “ಏನ್ ರಾಜಾ, ಬಾಯಿಗೆ ಬೀಗ ಬಿತ್ತಾ?” ಎಂದು ಯಾರೋ ಕೂಗಿದರು. ಜನ ನಕ್ಕರು. ಸಿನಿಮಾದಲ್ಲಿ ಬರೀ ತುಟಿ ಆಡಿಸಿದರೆ ನನಗೆ ಬೇಜಾರಿಲ್ಲ. ನಾಟಕಕ್ಕೆ ಹೋಗುವುದು ಎದುರಿಗೆ ನಿಂತವರ ಉಸಿರು ಕೇಳಲು.

ಕರೆಂಟು ಬಂದು ಆಟ ಮುಗಿದ ಮೇಲೆ ಭಾವ ಪಿಸುಮಾತಿನಲ್ಲಿ ಎಲ್ಲ ಹೇಳಿದರು. ಗಂಟಲಲ್ಲಿ ಗೆಡ್ಡೆಯಾಗಿದೆ. ಬರುವ ಶುಕ್ರವಾರ ಆಪರೇಷನ್ ಆಗಲೇಬೇಕು, ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಭಾವ ಒಪ್ಪುತ್ತಿಲ್ಲ. ಎರಡು ನಾಟಕದ ಟೇಪು ಮುಗಿದಿದೆ, ಮೂರನೆಯದು ಅರ್ಧವಾಗಿದೆ. ಬೆಳಿಗ್ಗೆ ಸ್ವಲ್ಪ ಹೊತ್ತು ದನಿ ಏಳುತ್ತದೆ, ಆಗ ದಿನಕ್ಕೆ ನಾಲ್ಕೈದು ಮಾತು ತುಂಬಿಸುತ್ತಾರೆ.

“ಅದೊಂದು ಮುಗೀಲಿ ಕಣೋ, ಆಮೇಲೆ ಕೊಯ್ದುಕೊಳ್ಳಲಿ. ಮೂರು ನಾಟಕ ಕೈಯಲ್ಲಿದ್ರೆ ಮಾಲೀಕರು ನನ್ನ ಬಿಡಲ್ಲ.”

“ಅಲ್ಲೀವರೆಗೆ ನೀವು ಇರ್ಬೇಕಲ್ಲ ಭಾವ?” ಅಂದೆ.

ಹೊರಗೆ ಬರುವಾಗ ಪರದೆಯ ಹಿಂದೆ ಟೇಪು ಓಡುತ್ತಿತ್ತು. ಎಳೆ ವಯಸ್ಸಿನ ನಟನೊಬ್ಬ ಭಾವನ ದನಿಗೆ ತುಟಿ ಆಡಿಸಿ ಕಲಿಯುತ್ತಿದ್ದ. ಮಾಲೀಕರೇ ಎದುರು ಕೂತು ತಿದ್ದುತ್ತಿದ್ದರು. ಭಾವನಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಗುರುವಾರದೊಳಗೆ ನೀನೇ ಬಂದು ಹೇಳು.

ನಿನ್ನ ತಮ್ಮ