ಸಪನಾ ಹೇಳಿದ ಎರಡು ವಾಕ್ಯ

ಅಂಕಲಿ
ರವಿವಾರ, ೨೨ ಡಿಸೆಂಬರ್ ೨೦೨೪

ಸಪನಾಳ ಪಪ್ಪಾ ಅವರಿಗೆ,

ಪ್ರೀತಿಯ ನಮಸ್ಕಾರ. ಅಲ್ಲಿ ಚಳಿ ಹೇಗಿದೆ? ಕೆಮ್ಮು ಕಡಿಮೆ ಆಯಿತೋ ಇಲ್ಲವೋ? ಹೋದ ಸಲ ಕಳಿಸಿದ ಶೇಂಗಾ ಚಟ್ನಿ ನಿಮಗೊಂದು ಚಮಚವಾದರೂ ಉಳಿಯಿತೋ, ಇಡೀ ಪಲಟಣವೇ ತಿಂದು ಮುಗಿಸಿತೋ ತಿಳಿಸಿ. ಫೋನ್ ಇರುವಾಗ ಕಾಗದ ಯಾಕೆ ಬರೆದಳು ಅಂತ ಹುಬ್ಬು ಏರಿಸಬೇಡಿ. ಫೋನಿನಲ್ಲಿ ನೀವು ‘ಎಲ್ಲಾ ಆರಾಮ ಐತಲ್ಲ?’ ಅಂತೀರಿ, ನಾನು ‘ಹೂಂರಿ’ ಅಂತೀನಿ, ಅಷ್ಟರಲ್ಲಿ ನಿಮ್ಮ ಗುಡ್ಡದ ರೇಂಜ್ ಹೋಗುತ್ತದೆ. ಇದು ಹಾಗೆ ಹೇಳಿ ಮುಗಿಸುವ ಸುದ್ದಿಯಲ್ಲ. ಬರೆಯಲು ಕೂತರೂ ನಾಚಿಕೆಯಿಂದ ಕೈ ಮುಂದೆ ಹೋಗುತ್ತಿಲ್ಲ.

ಪಂಚಮಿಯಿಂದ ನಾನು ಅತ್ತಿಯವರ ಜೊತೆ ಮಾತು ಬಿಟ್ಟದ್ದು ನಿಮಗೆ ಗೊತ್ತಿಲ್ಲ. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹಬ್ಬಕ್ಕೆ ನನ್ನನ್ನು ಕರೆದೊಯ್ಯಲು ನನ್ನ ತಮ್ಮ ಸಮಾಧಾನ ಉಂಡಿಯ ಡಬ್ಬಿ ಹಿಡಿದು ಬಂದಿದ್ದ. ನಾನು ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಅತ್ತಿಯವರು ಅವನ ಮುಖವನ್ನೇ ನೋಡಿ ‘ಇವತ್ತ ಹಾಲಿಲ್ಲಪಾ, ನಾಳಿ ಬಾ’ ಅಂದರಂತೆ. ಅವನು ಹೊಸ್ತಿಲು ಕೂಡ ದಾಟದೆ ತಿರುಗಿ ಹೋದ. ‘ನಾನ್ರಿ, ಸಮಾಧಾನ’ ಅಂತ ಒಂದು ಮಾತು ಹೇಳಬಹುದಿತ್ತು. ಹೇಳುವವನಲ್ಲ. ಹೆಸರೇ ಸಮಾಧಾನ, ಸಿಟ್ಟು ಮಾತ್ರ ನಮ್ಮ ತವರಿನದು. ಆಮೇಲೆ ನಾನು ಕೇಳಿದರೆ ‘ನನಗ ಕಂಡೇ ಇಲ್ಲ ಯವ್ವಾ’ ಅಂದರು ಅತ್ತಿಯವರು. ಎದುರಿಗೆ ನಿಂತ ಆರಡಿ ಆಳು ಕಾಣುವುದಿಲ್ಲ ಅಂದರೆ ಯಾರು ನಂಬಬೇಕು? ನನ್ನ ತಮ್ಮನನ್ನು ಬೇಕಂತಲೇ ಹಾಲು ಒಯ್ಯಲು ಬಂದ ಹಾಲಿನವನ ಹಾಗೆ ಅಟ್ಟಿದರು ಅಂತ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಅಂದಿನಿಂದ ನಮ್ಮಿಬ್ಬರ ನಡುವೆ ಸಪನಾಳೇ ಅಂಚೆಯವಳು. ‘ನಿಮ್ಮ ಆಯಿಗೆ ಉಣ್ಣಾಕ ಬಾ ಅನ್ನು’ ಅಂತ ನಾನು. ‘ನಿಮ್ಮ ಮಮ್ಮಿಗೆ ಹೇಳು, ದೀಪದ ಸುತ್ತ ಬಣ್ಣದ ಬಳಿ ತೊಡಿಸಿದಂಗ ಕಾಣಾಕತ್ತೈತಿ, ಕಣ್ಣ ತುಂಬ ಮಂಜ ಐತಿ’ ಅಂತ ಅವರು. ಮೂವರೂ ಅದೇ ಪಡಸಾಲೆಯಲ್ಲಿ ಕೂತಿರುತ್ತಿದ್ದೆವು. ಸಪನಾ ತಿರುಗಿ ಹೇಳುವ ಮೊದಲೇ ಅವರ ಮಾತು ನನ್ನ ಕಿವಿಗೆ ಬಿದ್ದಿರುತ್ತಿತ್ತು. ತಪ್ಪು ಮುಚ್ಚಿಕೊಳ್ಳಲು ಕಣ್ಣಿನ ನೆಪ ಅಂದುಕೊಂಡು ಪಾತ್ರೆ ಕುಕ್ಕುತ್ತಿದ್ದೆ.

ಹೋದ ವಾರ ಚಿಕ್ಕೋಡಿಯಲ್ಲಿ ಸಪನಾಳ ಶಾಲೆಯ ವಾರ್ಷಿಕ ಗ್ಯಾದರಿಂಗ್ ಇತ್ತು. ನೀವು ತಂದ ಹಸಿರು ಸೀರೆ ಉಟ್ಟು, ಪಕ್ಕದ ಮನೆಯ ತಾರಾಬಾಯಿಯನ್ನೂ ಕರೆದುಕೊಂಡು, ಮುಂದಿನ ಸಾಲಲ್ಲೇ ಹೋಗಿ ಕೂತೆ. ಮಗಳು ಮೈಕಿನಲ್ಲಿ ಇಂಗ್ಲಿಷ್ ಮಾತಾಡುತ್ತಾಳೆ ಅಂದರೆ ಹಿಂದೆ ಕೂರಲಾಗುತ್ತದೆಯೇ? ಅವರ ಇಂಗ್ಲಿಷ್ ಟೀಚರು ಒಂದು ಹೊಸ ಕಾರ್ಯಕ್ರಮ ಇಟ್ಟಿದ್ದರು. ಅಣ್ಣತಮ್ಮಂದಿರಂತೆ ಅರ್ಥ ಒಂದೇ ಅನಿಸುವ ಎರಡೆರಡು ಶಬ್ದ ತೆಗೆದುಕೊಂಡು, ಅವುಗಳ ಅರ್ಥ ಎಲ್ಲಿ ಬೇರೆಯಾಗುತ್ತದೆ ಅಂತ ಮಕ್ಕಳು ಸ್ವಂತ ವಾಕ್ಯ ಮಾಡಿ ಹೇಳಬೇಕು, ಆಮೇಲೆ ನಮಗೆಲ್ಲ ತಿಳಿಯಲೆಂದು ಕನ್ನಡದಲ್ಲೂ ಹೇಳಬೇಕು. ಒಬ್ಬ ಹುಡುಗ ಬಾರೋ ಅಂದರೆ ಎರವಲು ತರುವುದು, ಲೆಂಡ್ ಅಂದರೆ ಎರವಲು ಕೊಡುವುದು ಅಂತ ಶುರುಮಾಡಿ ‘ನಮ್ಮ ಮಾಮಾ ಊರಮಂದಿ ಬೈಕ್ ಬಾರೋ ಮಾಡ್ತಾನ, ತನ್ನ ಬೈಕ್ ಮಾತ್ರ ಯಾರಿಗೂ ಲೆಂಡ್ ಮಾಡಂಗಿಲ್ಲ’ ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆಮೇಲೆ ಸಪನಾ ಬಂದಳು. ಅವಳ ಪಾಲಿಗೆ ಬಂದದ್ದು ಲುಕ್, ಸೀ, ಹಿಯರ್, ಲಿಸನ್. ‘ಮೈ ಗ್ರ್ಯಾಂಡ್‌ಮದರ್ ಲುಕ್ಸ್, ಬಟ್ ಶಿ ಡಜ್ ನಾಟ್ ಸೀ. ಮೈ ಮದರ್ ಹಿಯರ್ಸ್, ಬಟ್ ಶಿ ಡಜ್ ನಾಟ್ ಲಿಸನ್’ ಅಂದಳು. ನನಗೆ ಎಷ್ಟು ತಿಳಿಯಿತೋ ದೇವರಿಗೇ ಗೊತ್ತು, ಚಪ್ಪಾಳೆ ಹೊಡೆದೆ. ಅಷ್ಟರಲ್ಲಿ ಕನ್ನಡ ಬಂತು: ‘ನಮ್ಮ ಆಯಿ ನೋಡ್ತಾಳ, ಆದ್ರ ಆಕಿಗಿ ಕಾಣಂಗಿಲ್ಲ. ನಮ್ಮ ಮಮ್ಮಿಗೆ ಕೇಳಸ್ತೈತಿ, ಆದ್ರ ಆಕಿ ಕಿವಿಗೊಡಂಗಿಲ್ಲ.’

ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ತಾರಾಬಾಯಿ ಮೊಣಕೈಯಿಂದ ತಿವಿದು ‘ಮಗಳ ಭಾಳ ಶಾಣ್ಯಾ ಅದಾಳ ನೋಡ್’ ಅಂದಳು. ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು ನನಗೆ. ಬಸ್ಸಿನಲ್ಲಿ ಅವಳ ರಟ್ಟೆ ಹಿಡಿದು ‘ಮನಿ ಮಾತ ಮೈಕಿನ್ಯಾಗ ಹೇಳ್ತಿ?’ ಅಂತ ಗದರಿಸಿದೆ. ಅವಳು ಅಳುತ್ತ ಹೇಳಿದ್ದು ಇಷ್ಟು: ‘ಟೀಚರ್ ಖರೇ ವಾಕ್ಯ ಹೇಳ್ರಿ ಅಂದಿದ್ರು. ಆಯಿಗೆ ಸೂಜಿ ನಾನಽ ಪೋಣಿಸಿ ಕೊಡ್ತೇನಿ. ಚಾದಾಗಿನ ನೊಣಾನೂ ನಾನಽ ತಗೀತೇನಿ.’ ನಾನು ಅವಳ ರಟ್ಟೆ ಬಿಟ್ಟೆ. ಮಂದಿಯ ಮುಂದೆ ಆದ ನಾಚಿಕೆ ಬೇರೆ, ಬಸ್ಸಿನಲ್ಲಿ ಆದ ನಾಚಿಕೆ ಬೇರೆ. ಇಂಗ್ಲಿಷಿನಲ್ಲಿ ಅವಕ್ಕೂ ಎರಡು ಶಬ್ದ ಇರಬೇಕು. ನಮ್ಮ ಕಡೆ ಒಂದೇ ಶಬ್ದದಲ್ಲಿ ಎರಡನ್ನೂ ನುಂಗಿಕೊಳ್ಳಬೇಕು. ಅತ್ತಿಯವರು ಸಮಾಧಾನನನ್ನು ಹಾಲಿನವ ಅಂದುಕೊಂಡದ್ದು, ‘ನನಗ ಕಂಡೇ ಇಲ್ಲ’ ಅಂದದ್ದು, ಎಲ್ಲವೂ ಖರೆಯೇ ಆಗಿತ್ತು.

ಮನೆಗೆ ಬಂದವಳೇ ಅತ್ತಿಯವರ ಮುಂದೆ ನಿಂತು ‘ಚಾ ಮಾಡ್ಲೇನ್ರಿ ಅತ್ತಿ?’ ಅಂದೆ. ಅವರು ರೂಢಿಯಂತೆ ‘ಸಪನಾ, ನಿಮ್ಮ ಮಮ್ಮಿಗೆ ಹೂಂ ಅನ್ನು’ ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಸಮಾಧಾನನಿಗೆ ಫೋನ್ ಹಚ್ಚಿ ಬೈದು ಕರೆಸಿದೆ. ಅವನೇ ಬುಧವಾರ ನಮ್ಮನ್ನು ಮಿರಜಿನ ಕಣ್ಣಿನ ದವಾಖಾನೆಗೆ ಕರೆದೊಯ್ದ, ದಾರಿಯುದ್ದಕ್ಕೂ ಅತ್ತಿಯವರ ಕೈ ಹಿಡಿದೇ ಇದ್ದ. ಎಡಗಣ್ಣಿಗೆ ಪೊರೆ ಬೆಳೆದು ಮೋತಿಬಿಂದು ಬಂದಿದೆ, ಸಂಕ್ರಾಂತಿ ಆದ ಮೇಲೆ ಆಪರೇಶನ್. ಗಾಬರಿಯಾಗಬೇಡಿ, ಈಗ ಅದು ಸಾದಾ ಕೆಲಸವಂತೆ. ರಜೆ ಸಿಕ್ಕರೆ ಬನ್ನಿ.

ಸಪನಾ ನಿಮಗೆ ಮುತ್ತು ಕಳಿಸಿದ್ದಾಳೆ. ನೀವು ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಮಲಗಬೇಕಂತೆ, ಅತ್ತಿಯವರು ತಾಕೀತು ಮಾಡಿದ್ದಾರೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಮನೀಷಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಎಡಗಣ್ಣಿನ ಸುದ್ದಿಯಷ್ಟೇ ಬರೆದಿದ್ದೇನೆ. ಬಲಗಣ್ಣಿಗೆ ಕಾಚಬಿಂದು ಆಗಿತ್ತು, ಒಳಗಿನ ಒತ್ತಡ ಏರಿ ನರ ಸತ್ತಿದೆ. ಆ ಕಣ್ಣು ಇನ್ನು ಬರುವುದಿಲ್ಲ. ‘ಮೊದಲ ಬಂದಿದ್ರ ಉಳೀತಿತ್ತು, ಯಾಕ ಯಾರಿಗೂ ಹೇಳಲಿಲ್ಲರಿ ಆಯಿ?’ ಅಂತ ಡಾಕ್ಟರು ಕೇಳಿದರು. ಅತ್ತಿಯವರು ತಡವರಿಸಿ ನನ್ನ ಕೈ ಹಿಡಿದುಕೊಂಡು ‘ನಂದಽ ತಪ್ಪರಿ, ನಾ ಯಾರ ಮುಂದೂ ಹೇಳೇ ಇಲ್ಲ’ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ನೀವು ಬಂದಾಗ ನಿಮಗೂ ಹಾಗೇ ಹೇಳುತ್ತಾರೆ. ನಂಬಬೇಡಿ. ಅವರು ದಿನಾ ಹೇಳುತ್ತಿದ್ದರು.