ಬಾಗಿಲ ಬಳಿಯ ಸ್ಟೂಲು

ನವೆಂಬರ್ ೧೧, ಮಂಗಳವಾರ. ಶೃಂಗೇರಿ.

‘ಧರ್ಮೇಶ, ಹೇಗಿದ್ದಿ? ಮನೆಯಲ್ಲಿ ವೆಂಕಮ್ಮನ ಮಂಡಿನೋವು ಇಳಿಯಿತಾ?’ ಇಷ್ಟು ಬರೆದು ಕಾಗದ ಪಕ್ಕಕ್ಕಿಟ್ಟೆ. ಉಳಿದದ್ದನ್ನು ತಮ್ಮನಿಗೆ ಹೇಗೆ ಬರೆಯಲಿ? ಇಲ್ಲೇ ಬರೆದುಕೊಳ್ಳುತ್ತೇನೆ.

ಇಲ್ಲಿ ನನ್ನ ಜೊತೆಗಿರುವ ಅವನ ಮಗಳು ಚೈತ್ರಾಳಿಗೆ ಸೋತಿರುವುದು ಕಾಲು, ಕೈಯಲ್ಲ. ಅಂಗವಿಕಲರಿಗೆ ಕೆಲಸ ಕಲಿಸುವ ಸಂಸ್ಥೆಯ ಶಬಾನ ಟೀಚರ್ ಒಂದು ತಿಂಗಳು, ಅವಳಿಗೆ ಕೆಲಸ ಸಿಕ್ಕ ಲಾಡ್ಜಿಗೆ ಜೊತೆಗೇ ಬಂದು, ಕೂತಲ್ಲೇ ಬೆಡ್‌ಶೀಟ್ ಇಸ್ತ್ರಿ ಮಾಡಿ ಮಡಚುವುದನ್ನು ಕಲಿಸಿದರು. ಟೀಚರ್ ಬರುವುದು ನಿಂತಿದ್ದೇ ತಡ, ಮಾಲೀಕರು ಅವಳನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದ್ದಾರೆ.

ಇವತ್ತು ಕರೆತರಲು ಹೋದಾಗ ಕಂಡೆ. ದೇವಸ್ಥಾನದಿಂದ ಬಂದ ಯಾತ್ರಿಕರೊಬ್ಬರು ಅವಳ ಮಡಿಲಿಗೆ ಬಾಳೆಹಣ್ಣು, ಚಿಲ್ಲರೆ ಹಾಕಿ ಹೋದರು.

“ಇಸ್ತ್ರಿ ಕೆಲಸ ಎಂತ ಆಯ್ತು?” ಎಂದು ಮಾಲೀಕರನ್ನು ಕೇಳಿದೆ.

“ಪಾಪದ ಹುಡುಗಿ, ಯಾಕೆ ದುಡಿಸೋದು ಮಾರಾಯ್ರೆ? ಕೂತ್ಕೊಂಡೇ ಸಂಬಳ ತಗೊಳ್ಳಲಿ. ನಮಗೂ ಪುಣ್ಯ.”

ಪುಣ್ಯವಂತೆ! ಬಂದವರಿಗೆಲ್ಲ ಕಾಣುವ ಹಾಗೆ ಬಾಗಿಲಲ್ಲೇ ಇಟ್ಟುಕೊಂಡಿದ್ದಾರೆ ಪುಣ್ಯವನ್ನು.

ದಾರಿಯಲ್ಲಿ ಚೈತ್ರಾ ಆ ಹಣ್ಣನ್ನು ಹಸುವಿಗೆ ಕೊಟ್ಟಳು. “ದೊಡ್ಡಪ್ಪ, ನಾಳೆ ಬೇಗ ಎಬ್ಸಿ. ಅವ್ರು ಬರೋದ್ರೊಳಗೆ ಇಸ್ತ್ರಿ ಮೇಜಿಗೆ ಹೋಗಿ ಕೂತ್ಬಿಡ್ತೀನಿ. ಏಳಿಸ್ಲಿ, ನೋಡೋಣ.”

ಈಗ ತಮ್ಮನ ಕಾಗದಕ್ಕೆ ಇಷ್ಟೇ ಸೇರಿಸಿದೆ: ‘ಮಗಳಿಗೆ ನಾಲ್ಕು ಸಾಲು ಬೇಗ ಬರಿ. ಅದರಲ್ಲಿ ಪಾಪ ಅನ್ನುವ ಮಾತೊಂದು ಬೇಡ.’